ಹಬ್ಬದ ಕೆಲಸದಲ್ಲಿ ಕೂಸಿಗೂ ಒಂದು ಪಾಲು

ಹಬ್ಬ ಹತ್ತಿರ ಬಂತೆಂದರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮಾವಿನ ಸೊಪ್ಪು ತರಬೇಕು, ಬತ್ತಿ ಹೊಸೆಯಬೇಕು, ಹೂ ಕಟ್ಟಬೇಕು, ಹಂಡೆ ಬೆಳಗಬೇಕು, ಹೊಸ್ತಿಲಿಗೆ ಕೆಮ್ಮಣ್ಣು ಬಳಿಯಬೇಕು. ಇಷ್ಟರ ನಡುವೆ ಕಾಲಿಗೆ ತೊಡರುವ ಎಳೆ ಮಗುವಿನ ಕೈಗೆ ಮೊಬೈಲು ಕೊಟ್ಟು ಮೂಲೆಯಲ್ಲಿ ಕೂರಿಸುವುದು ಈಗ ರೂಢಿಯಾಗಿಬಿಟ್ಟಿದೆ. ಆಮೇಲೆ ಮಗುವಿಗೆ ಕೈಕೆಲಸ ಕಲಿಸಬೇಕೆಂದು ಪೇಟೆಯಿಂದ ಮಿನುಗುಪುಡಿ, ಥರ್ಮಾಕೋಲ್, ಪ್ಲಾಸ್ಟಿಕ್ ಮಣಿಗಳ ಡಬ್ಬಿ ತರುತ್ತೇವೆ.

ಎಳೆ ಮಕ್ಕಳ ಅಪ್ಪ-ಅಮ್ಮಂದಿರಿಗೆ, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ-ಅಜ್ಜಿಯರಿಗೆ ನಾನು ಹೇಳುವುದು ಇಷ್ಟೇ. ನಮ್ಮ ಹಬ್ಬಗಳಲ್ಲಿ ಕೈಕೆಲಸಕ್ಕೆ ಬರವಿಲ್ಲ. ಮನೆಯಲ್ಲಿ ನಡೆಯುವ ನಿಜವಾದ ಕೆಲಸದಲ್ಲೇ ಮಗುವಿಗೆ ಅದರ ಅಳತೆಗೆ ತಕ್ಕ ಒಂದು ಪಾಲು ಕೊಡಿ. ಅದು ಮಾಡಿದ್ದನ್ನು ತಿದ್ದದೆ ದೇವರ ಮುಂದೆ ಇಡಿ. ಉಳಿದದ್ದೆಲ್ಲ ಇದಕ್ಕೆ ಬೇಕಾದ ವಿವರ.

ಶುರು ಮಾಡುವ ಮೊದಲು

• ಒಂದು ಹಬ್ಬಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ. ಗೌರಿ ಹಬ್ಬಕ್ಕೆ ಹೂಬತ್ತಿ, ಗಣೇಶನಿಗೆ ಮಣ್ಣು, ದೀಪಾವಳಿಗೆ ಹಣತೆ. ಎಲ್ಲವನ್ನೂ ಒಟ್ಟಿಗೆ ಹರವಿಕೊಂಡರೆ ಮಗುವಿಗೂ ಸಾಕಾಗುತ್ತದೆ, ನಿಮಗೂ ಸಿಟ್ಟು ಬರುತ್ತದೆ.

• ಹಬ್ಬದ ದಿನ ಬೆಳಿಗ್ಗೆ ಕೂರಿಸಬೇಡಿ. ಒಲೆ ಉರಿಯುತ್ತಿರುತ್ತದೆ, ನೆಂಟರು ಬಂದಿರುತ್ತಾರೆ, ಮಗುವಿನ ಮೇಲೆ ಕಣ್ಣಿಡುವವರು ಇರುವುದಿಲ್ಲ. ಮೂರು ನಾಲ್ಕು ದಿನ ಮುಂಚೆ, ಮಗು ನಿದ್ದೆ ಮಾಡಿ ಎದ್ದು ಹೊಟ್ಟೆ ತುಂಬಿಸಿಕೊಂಡ ಹೊತ್ತಿನಲ್ಲಿ ಹತ್ತು ನಿಮಿಷ ಸಾಕು. ಎದ್ದು ಹೋದರೆ ಬಿಟ್ಟುಬಿಡಿ, ನಾಳೆ ಮತ್ತೆ ಬರುತ್ತದೆ.

• ಅಂಟು ಮನೆಯಲ್ಲೇ ಕಾಯಿಸಿ. ಒಂದು ಚಮಚ ಮೈದಾಕ್ಕೆ ನಾಲ್ಕೈದು ಚಮಚ ನೀರು ಹಾಕಿ, ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯಾಗುವ ತನಕ ಕೈಯಾಡಿಸಿ. ಆರಿದ ಮೇಲೆ ಮಗುವಿಗೆ ಕೊಡಿ. ಅವಸರಕ್ಕೆ ನಾಲ್ಕು ಅಗುಳು ಅನ್ನ ಹಿಸುಕಿದರೂ ಕಾಗದ ಅಂಟುತ್ತದೆ. ಬೆರಳು ಬಾಯಿಗೆ ಹೋದರೂ ಭಯವಿಲ್ಲ.

• ಬಣ್ಣವನ್ನೂ ಅಡುಗೆಮನೆಯಲ್ಲೇ ಮಾಡಿ. ಬೀಟ್‌ರೂಟ್ ತುರಿದು ಹಿಂಡಿದರೆ ಕೆಂಪು, ಪಾಲಕ್ ಅರೆದು ಸೋಸಿದರೆ ಹಸಿರು, ಮನೆಯಲ್ಲಿ ಕುಟ್ಟಿದ ಅರಿಶಿನದಿಂದ ಹಳದಿ. ಅರಿಶಿನದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮಗುವಿನ ಕಣ್ಣೆದುರೇ ಕೆಂಪಿಗೆ ತಿರುಗುತ್ತದೆ. ಆರತಿಯ ಓಕುಳಿಗೆ ನಾವು ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಆಗುವುದೂ ಇದೇ.

• ಸುಣ್ಣ ಮಾತ್ರ ದೊಡ್ಡವರ ಕೈಯಲ್ಲಿರಲಿ. ಎಲೆ-ಅಡಿಕೆ ತಟ್ಟೆಯ ಸುಣ್ಣದ ಡಬ್ಬಿ, ಟ್ಯೂಬು ಮಕ್ಕಳಿಗೆ ಎಟುಕಬಾರದು. ಹಿಸುಕಿದಾಗ ಚಿಮ್ಮಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದರೆ ಒಂದು ಕ್ಷಣವೂ ತಡಮಾಡದೆ, ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಹರಿಯಬಿಡಿ. ಆಮೇಲೆ ಸೀದಾ ಆಸ್ಪತ್ರೆಗೆ.

ತೊಟ್ಟಿಲ ಕೂಸಿಗೆ

• ವರ್ಷ ತುಂಬದ ಮಗುವಿನ ಪಾಲು ನೋಡುವುದು, ಮುಟ್ಟುವುದು, ಕೇಳುವುದು. ಹೂ ಕಟ್ಟುವಾಗ ಮಡಿಲಲ್ಲಿ ಕೂರಿಸಿಕೊಳ್ಳಿ. ಚೆಂಡು ಹೂವಿನ ಮೆತ್ತನೆ ಮುಖವನ್ನು ಅದರ ಅಂಗೈಗೆ ಒತ್ತಿ, ಬಾಳೆ ಎಲೆಯ ತಣ್ಣನೆ ನುಣುಪನ್ನು ಕೆನ್ನೆಗೆ ತಾಗಿಸಿ, ಒಂದೊಂದರ ಹೆಸರು ಹೇಳಿ. ಹೂ ಬಾಯಿಗೆ ಹೋಗದಂತೆ ನೋಡಿಕೊಂಡರಾಯಿತು.

• ಹಳೆಯ ರವಿಕೆ ಬಟ್ಟೆಯಲ್ಲಿ ತೋರಣ ಹೊಲಿಯಿರಿ. ಮಾವಿನೆಲೆಯ ಆಕಾರಕ್ಕೆ ಹಸಿರು, ಕೆಂಪು, ಹಳದಿ ತುಂಡು ಕತ್ತರಿಸಿ ದಾರಕ್ಕೆ ಹೊಲಿದರೆ ಮುಗಿಯಿತು. ಮಗುವಿಗೆ ಕಾಣುವಂತೆ, ಕೈಗೆ ಎಟುಕದಂತೆ ಗೋಡೆಗೆ ಕಟ್ಟಿ. ತೊಟ್ಟಿಲಿಗೆ ಮಾತ್ರ ಕಟ್ಟಬೇಡಿ. ದಾರ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ.

• ಕೃಷ್ಣಾಷ್ಟಮಿಗೆ ಕೂಸಿನ ಪಾದವನ್ನೇ ಅಚ್ಚು ಮಾಡಿ. ಅಕ್ಕಿಹಿಟ್ಟನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಬಟ್ಟೆಯಲ್ಲಿ ಅದ್ದಿ ಅಂಗಾಲಿಗೆ ಒತ್ತಿ, ಕಡುಬಣ್ಣದ ಬಟ್ಟೆಯ ಮೇಲೆ ಮೆಲ್ಲಗೆ ಇಳಿಸಿ ಎತ್ತಿ. ಒಬ್ಬರು ಮಗುವನ್ನು ಹಿಡಿಯಬೇಕು, ಒಬ್ಬರು ಪಾದ ಹಿಡಿಯಬೇಕು. ಒದ್ದೆ ಬಟ್ಟೆಯಲ್ಲಿ ಕೂಡಲೇ ಒರೆಸಿ. ಮಗು ಅತ್ತರೆ ಬಲವಂತ ಬೇಡ.

• ಪಂಚಾಮೃತದ ಜೇನು ವರ್ಷದೊಳಗಿನ ಕೂಸಿನ ನಾಲಿಗೆಗೆ ತಾಗದಿರಲಿ. ಜೇನಿನಲ್ಲಿ ಇರಬಹುದಾದ ಒಂದು ಸೂಕ್ಷ್ಮಾಣು ಎಳೆ ಕರುಳಿನಲ್ಲಿ ಬೆಳೆದು ಸ್ನಾಯುಗಳ ಬಲ ಕುಂದಿಸುತ್ತದೆ. ತೀರ್ಥ ಹಣೆಗೆ ಹಚ್ಚಿದರೂ ಸಾಕು, ದೇವರು ಒಪ್ಪುತ್ತಾನೆ.

ಅಂಬೆಗಾಲಿನಿಂದ ಮೂರು ವರ್ಷದವರೆಗೆ

• ಈ ವಯಸ್ಸಿಗೆ ಹರಿಯುವುದು, ಒತ್ತುವುದು, ಅದ್ದುವುದು, ತುಂಬುವುದು ಗೊತ್ತು. ಈ ನಾಲ್ಕರಲ್ಲೇ ಕೆಲಸ ಹುಡುಕಿ. ಚೆಂಡು ಹೂವಿನ ಎಸಳು ಬಿಡಿಸಲು ಕೊಟ್ಟರೆ ಅರ್ಧ ಬುಟ್ಟಿ ಬಿಡಿಸುತ್ತವೆ. ನೀವು ಸೀಮೆಸುಣ್ಣದಲ್ಲಿ ದೊಡ್ಡದೊಂದು ಮಂಡಲ ಬರೆದುಕೊಡಿ, ಎಸಳು ತುಂಬುವುದು ಮಗುವಿಗೆ ಬಿಡಿ. ಗೆರೆ ದಾಟಿದರೆ ದಾಟಲಿ.

• ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಹೂವಿನ ಅಚ್ಚು ಸಿಕ್ಕಿತು. ತೊಟ್ಟಿನ ಕಡೆಯ ತುಂಡು ಹಿಡಿಯಲು ಸಲೀಸು. ಬೀಟ್‌ರೂಟ್ ನೀರಿಗೆ ಅದ್ದಿ ಹಳೆಯ ನೋಟ್‌ಬುಕ್ಕಿನ ಹಾಳೆಗೆ ಒತ್ತಿಸಿ. ಆ ಹಾಳೆಯೇ ಸಂಕ್ರಾಂತಿಗೆ ಎಳ್ಳಿನ ಪೊಟ್ಟಣವಾಗುತ್ತದೆ, ವರಮಹಾಲಕ್ಷ್ಮಿಗೆ ತಾಂಬೂಲದ ಚೀಲವಾಗುತ್ತದೆ.

• ಚಪಾತಿ ಹಿಟ್ಟಿನ ಒಂದು ಉಂಡೆ ಅದರ ಪಾಲಿಗಿರಲಿ. ಒತ್ತಿ ಗುಳಿ ಮಾಡಿದರೆ ದೀಪ, ಉರುಳಿಸಿದರೆ ಹಾವು, ತಟ್ಟಿದರೆ ರೊಟ್ಟಿ. ಉಪ್ಪು ಹೆಚ್ಚು ಹಾಕಿ ಮಾಡುವ ಆಟದ ಹಿಟ್ಟು ಇಷ್ಟು ಚಿಕ್ಕವರಿಗೆ ಬೇಡ. ಅದನ್ನು ನುಂಗಿದರೆ ದೇಹಕ್ಕೆ ಉಪ್ಪು ವಿಪರೀತವಾಗುತ್ತದೆ.

• ಮೂರು ವರ್ಷದೊಳಗಿನವರ ಮುಂದೆ ಮಣಿ, ಗುಂಡಿ, ಕಾಳು, ಗೋಲಿ ಹರವಬೇಡಿ. ಬಾಯಿಯೊಳಗೆ ಇಡಿಯಾಗಿ ಹೋಗುವಂಥದ್ದು ಯಾವುದೂ ಆ ಚಾಪೆಯ ಮೇಲೆ ಇರಬಾರದು. ಒಡೆದ ಬಲೂನಿನ ಚೂರೂ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಯುಗಾದಿಗೆ

• ತೋರಣದ ಎಲೆ ಜೋಡಿಸುವ ಕೆಲಸ ಮಗುವಿಗೆ ಕೊಡಿ. ದೊಡ್ಡೆಲೆ ಒಂದು ಕಡೆ, ಚಿಕ್ಕೆಲೆ ಒಂದು ಕಡೆ, ಹರಿದದ್ದು ದನಕ್ಕೆ. ಮೂರು ವರ್ಷದ ಮಗು ಇದನ್ನು ಚೊಕ್ಕವಾಗಿ ಮಾಡುತ್ತದೆ. ಐದು ದಾಟಿದವರು ಎಲೆಯ ತೊಟ್ಟಿನ ಕಡೆಯನ್ನು ಹುರಿಯ ಮೇಲೆ ಮಡಚಿ ಹಿಡಿಯಲಿ, ತೆಂಗಿನ ಕಡ್ಡಿ ಚುಚ್ಚುವುದು ನಿಮ್ಮ ಕೆಲಸ.

• ತೆಂಗಿನ ಗರಿಯಲ್ಲಿ ಗಿರಗಿಟ್ಲೆ, ಪೀಪಿ, ಕೈಗಡಿಯಾರ ಮಾಡುವುದನ್ನು ಬಲ್ಲ ತಾತಂದಿರು ಕಡೂರು, ಬೀರೂರು ಕಡೆಯ ತೋಟದ ಮನೆಗಳಲ್ಲಿ ಇನ್ನೂ ಇದ್ದಾರೆ. ಯುಗಾದಿಯ ಮಧ್ಯಾಹ್ನ ಅವರನ್ನು ಜಗಲಿಯಲ್ಲಿ ಕೂರಿಸಿ ಮಕ್ಕಳನ್ನು ಸುತ್ತ ಸೇರಿಸಿ. ಇದನ್ನು ಯಾರೂ ಅಂಗಡಿಯಲ್ಲಿ ಮಾರುವುದಿಲ್ಲ. ಕೈಯಿಂದ ಕೈಗೆ ಹೋಗಬೇಕು, ಇಲ್ಲವಾದರೆ ನಿಂತುಹೋಗುತ್ತದೆ.

ನಾಗರ ಪಂಚಮಿಗೆ

• ಮಣ್ಣಿನ ಕೆಲಸಕ್ಕೆ ಈ ಹಬ್ಬವೇ ಮೊದಲ ಪಾಠ. ಎಳೆ ಕೈ ಮಣ್ಣಿನಲ್ಲಿ ಮೊದಲು ಮಾಡುವುದು ಉರುಳೆ. ಅದನ್ನೇ ಸುರುಳಿ ಸುತ್ತಿ, ತುದಿಯನ್ನು ಚೂರು ಚಪ್ಪಟೆ ಮಾಡಿ ಎತ್ತಿ ನಿಲ್ಲಿಸಿದರೆ ನಾಗಪ್ಪ. ಪೊರಕೆ ಕಡ್ಡಿಯ ತುದಿಯಿಂದ ಕಣ್ಣಿಗೆ ಎರಡು ಚುಕ್ಕೆ, ಹೆಡೆಗೆ ಅರಿಶಿನ. ತನಿ ಎರೆಯುವಾಗ ಒಂದು ಚಮಚ ಹಾಲನ್ನು ಮಗು ತಾನು ಮಾಡಿದ ನಾಗನಿಗೆ ಎರೆಯಲಿ.

• ಹುತ್ತದ ಹತ್ತಿರ ಮಕ್ಕಳನ್ನು ಮಣ್ಣು ತರಲು ಕಳಿಸಬೇಡಿ. ಶ್ರಾವಣದ ಮಳೆಗೆ ಹಾವು, ಚೇಳು ಹೊರಬಂದಿರುತ್ತವೆ.

ಕೃಷ್ಣಾಷ್ಟಮಿಗೆ

• ಎರಡು ವರ್ಷ ದಾಟಿದ ಮಗುವಿಗೆ ಮುಷ್ಟಿಯ ಅಚ್ಚು ಕಲಿಸಿ. ಮುಷ್ಟಿ ಬಿಗಿದು, ಕಿರುಬೆರಳ ಕಡೆಯ ಅಂಚನ್ನು ಅಕ್ಕಿಹಿಟ್ಟಿಗೆ ಅದ್ದಿ ನೆಲಕ್ಕೆ ಒತ್ತಿದರೆ ಪಾದ ಮೂಡುತ್ತದೆ. ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ. ಎಡಗೈಯಿಂದ ಎಡಪಾದ, ಬಲಗೈಯಿಂದ ಬಲಪಾದ. ಹೊಸ್ತಿಲಿನಿಂದ ದೇವರ ಮನೆಯವರೆಗೆ ಸಾಲು ಬರಲಿ. ಹಿಟ್ಟು ಒಣಗುವ ತನಕ ನೆಲ ಜಾರುತ್ತದೆ, ವಯಸ್ಸಾದವರು ನಡೆಯುವ ದಾರಿ ಬಿಟ್ಟು ಹಾಕಿಸಿ.

• ಕೃಷ್ಣನ ಕಥೆ ಹೇಳಲು ಅಮೃತಾಪುರಕ್ಕೆ ಕರೆದುಕೊಂಡು ಹೋಗಿ. ತರೀಕೆರೆ ತಾಲ್ಲೂಕಿನ ಆ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಅದರ ಗೋಡೆಯ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣನ ಬಾಲಲೀಲೆ ಸಾಲಾಗಿ ಕಲ್ಲಿನಲ್ಲಿ ಮೂಡಿವೆ. ಮಗುವನ್ನು ಎತ್ತಿಕೊಂಡು ಒಂದೊಂದೇ ಫಲಕ ತೋರಿಸಿ. ಮನೆಗೆ ಬಂದ ಮೇಲೆ ನೋಡಿದ್ದರಲ್ಲಿ ಒಂದನ್ನು ಹಿಟ್ಟಿನಲ್ಲಿ ಮಾಡು ಅನ್ನಿ. ಅದು ಏನು ಮಾಡಿದರೂ ಏನೆಂದು ಕೇಳಿ ತಿಳಿದುಕೊಳ್ಳಿ, ಹೀಗಿರಬೇಕಿತ್ತು ಎನ್ನಬೇಡಿ.

ಗೌರಿ-ಗಣೇಶನಿಗೆ

• ಹೂಬತ್ತಿಯಿಂದ ಶುರು ಮಾಡಿ. ಅರಳೆಯ ಚಿಕ್ಕ ತುಂಡನ್ನು ಹರಡಿ, ನಡುವನ್ನು ಎತ್ತಿ, ಹಾಲು ಸವರಿದ ಬೆರಳಲ್ಲಿ ತಿರುಚಿದರೆ ಹೂಬತ್ತಿ. ನಾಲ್ಕು ವರ್ಷದ ಕೈಗೆ ಇದು ಬರುತ್ತದೆ. ಗೆಜ್ಜೆವಸ್ತ್ರಕ್ಕೆ ನೀವು ಅರಳೆ ಎಳೆದು ಹೊಸೆದುಕೊಡಿ, ಗೆಜ್ಜೆ ಗೆಜ್ಜೆಗೆ ಕುಂಕುಮದ ನೀರಿನ ಚುಕ್ಕೆ ಇಡುವುದು ಮಕ್ಕಳ ಪಾಲು. ತೆವಳುವ ಕೂಸಿದ್ದರೆ ಅರಳೆಯನ್ನು ಮೇಲಿಡಿ, ಬಾಯಿಗೆ ತುರುಕಿಕೊಳ್ಳುತ್ತದೆ.

• ಮೊರದ ಬಾಗಿನಕ್ಕೆ ಮೇದರು ಹೆಣೆದ ಪುಟ್ಟ ಮೊರವನ್ನೇ ಕೊಳ್ಳಿ. ಮಕ್ಕಳ ಕೈಗೆ ಕೊಡುವ ಮುನ್ನ ಒರಟು ಬಟ್ಟೆಯಿಂದ ಅಂಚು ಉಜ್ಜಿ ಸಿಬಿರು ತೆಗೆಯಿರಿ. ಅರಿಶಿನ ಬಳಿಯುವುದು, ಒಣಗಿದ ಮೇಲೆ ಕುಂಕುಮದ ಬೊಟ್ಟಿಡುವುದು ಅವರ ಕೆಲಸ.

• ಗಣಪನಿಗೆ ಕೆರೆ ಗೋಡು ಒಳ್ಳೆಯದು. ಅಜ್ಜಂಪುರ ಕಡೆ ಹೊಲದಲ್ಲಿ ಸಿಗುವ ಕಪ್ಪು ಎರೆಮಣ್ಣು ಒದ್ದೆಯಿದ್ದಾಗ ಮೆತ್ತಗೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಅದೊಂದೇ ಸಿಕ್ಕರೆ ನುಣುಪು ಮರಳು ಒಂದಿಷ್ಟು, ಹಿಂಜಿದ ಅರಳೆ ಒಂದಿಷ್ಟು ಬೆರೆಸಿ. ಯಾವ ಮಣ್ಣಾದರೂ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಗಾಜು, ಮುಳ್ಳು, ಕಲ್ಲು ತೆಗೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಚಪಾತಿ ಹಿಟ್ಟಿನ ಹದಕ್ಕೆ ನಾದಿ.

• ಗಣಪನನ್ನು ಉಂಡೆ, ಉರುಳೆಗಳಲ್ಲಿ ಕಟ್ಟಿಸಿ. ಹೊಟ್ಟೆಗೆ ದೊಡ್ಡ ಉಂಡೆ, ತಲೆಗೆ ಚಿಕ್ಕ ಉಂಡೆ, ಕಿವಿಗೆ ತಟ್ಟಿದ ಎರಡು ಬಿಲ್ಲೆ, ಪಂಚಮಿಗೆ ಕಲಿತ ನಾಗನ ಉರುಳೆಯೇ ಈಗ ಸೊಂಡಿಲು. ಕೂಡಿಸುವ ಜಾಗದಲ್ಲಿ ಕಡ್ಡಿಯಿಂದ ಗೀರಿ, ಮಣ್ಣಿನ ಗಂಜಿ ಸವರಿ ಅಂಟಿಸಿದರೆ ಉದುರುವುದಿಲ್ಲ. ಮಗುವಿನ ಎರಡು ಮುಷ್ಟಿಯಷ್ಟು ಗಾತ್ರ ಸಾಕು. ಬಿಸಿಲಿಗಿಡದೆ ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಿಸಿ.

• ಗಣಪನ ಕಣ್ಣಿಗೆ ಗುಲಗಂಜಿ ಬೇಡವೇ ಬೇಡ. ಕೆಂಪು-ಕಪ್ಪಿನ ಆ ಚಂದದ ಬೀಜ ಕಡು ವಿಷ. ಅಗಿದರೆ, ಪುಡಿಯಾದರೆ, ಪೋಣಿಸಲು ತೂತು ಮಾಡಿದರೆ ಒಳಗಿನ ವಿಷ ಹೊರಬರುತ್ತದೆ. ಮಕ್ಕಳ ಪ್ರಾಣಕ್ಕೆ ಒಂದೇ ಬೀಜ ಸಾಕಾಗಬಹುದು. ಕಡ್ಡಿಯಿಂದ ಗುಳಿ ಮಾಡಿ ಇದ್ದಿಲಿನ ಪುಡಿ ತುಂಬಿ.

• ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಮಕ್ಕಳ ಕೈಯಚ್ಚು ತೆಗೆಯುವವರಿದ್ದಾರೆ. ಗಟ್ಟಿಯಾಗುವಾಗ ಅದು ಬಿಸಿಯೇರಿ ಚರ್ಮ ಸುಡುತ್ತದೆ. ಅದರಲ್ಲಿ ಮಾಡಿದ ಮೂರ್ತಿ ನೀರಿನಲ್ಲಿ ಕರಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇಂಥ ಮೂರ್ತಿ ಬೇಡವೆಂದಿದೆ. ಅಯ್ಯನಕೆರೆ, ಮದಗದ ಕೆರೆಯ ನೀರು ಉಣ್ಣುವ ಸೀಮೆ ನಮ್ಮದು, ಕೆರೆಗೆ ವಿಷದ ಬಣ್ಣ ಬಿಡುವುದನ್ನು ಮಕ್ಕಳಿಗೆ ಹಬ್ಬವೆಂದು ತೋರಿಸಬಾರದು.

• ಮಗುವಿನ ಗಣಪನನ್ನು ಮನೆಯ ಬಕೆಟ್ಟಿನಲ್ಲೇ ಬಿಡಿ. ಕರಗುವುದನ್ನು ಕೂತು ನೋಡಲಿ. ಆ ಮಣ್ಣನ್ನು ದಾಸವಾಳದ ಬುಡಕ್ಕೆ ಹಾಕಿ, ಇಲ್ಲವೇ ಕುಂಡಕ್ಕೆ ತುಂಬಿ ಚೆಂಡು ಹೂವಿನ ಬೀಜ ಉದುರಿಸಿ. ಗಣಪ ಎಲ್ಲಿ ಹೋದ ಎಂದು ಕೇಳಿದರೆ ಗಿಡ ತೋರಿಸಬಹುದು.

• ಕೈಯಲ್ಲಿ ಗಾಯವಿದ್ದರೆ ಮಣ್ಣು, ಸಗಣಿ ಮುಟ್ಟಿಸಬೇಡಿ. ಮುಗಿದ ಮೇಲೆ ಸೋಪು ಹಚ್ಚಿ ಉಗುರಿನ ಸಂದಿಯನ್ನೂ ತೊಳೆಸಿ.

ನವರಾತ್ರಿಯ ಬೊಂಬೆಗೆ

• ಕೆಳಗಿನ ಮೆಟ್ಟಿಲು ಮಕ್ಕಳದ್ದೆಂದು ಬಿಟ್ಟುಕೊಡಿ. ಪಟ್ಟದ ಗೊಂಬೆ, ಚನ್ನಪಟ್ಟಣದ ಗೊಂಬೆ ಮೇಲೆ ಇರಲಿ. ಕೆಳಗೆ ಅವರೇ ಮಾಡಿದ್ದು, ಅವರೇ ಜೋಡಿಸಿದ್ದು ಇರಲಿ. ದಿನಕ್ಕೆ ಹತ್ತು ಸಲ ಜಾಗ ಬದಲಿಸಿದರೂ ಬದಲಿಸಲಿ. ಕೈ ಹಾಕಬೇಡ ಎಂಬ ಮಾತೇ ಆ ಮೆಟ್ಟಿಲಿಗೆ ಬೇಡ.

• ರಾಗಿ ಪೈರು ಬೆಳೆಸಿ. ರಾಗಿಯನ್ನು ಒಂದು ರಾತ್ರಿ ನೆನೆಸಿ, ತಟ್ಟೆಯಲ್ಲಿ ಒಂದು ಬೆರಳಿನಷ್ಟು ಮಣ್ಣು ಹರಡಿ, ಮೇಲೆ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಿ. ಎರಡು ವರ್ಷದ ಮಗು ದಿನಾ ಬೆರಳಿನಿಂದ ನೀರು ಚಿಮುಕಿಸಲಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ, ವಾರ ದಾಟುವ ಹೊತ್ತಿಗೆ ಬೊಂಬೆಗಳ ಮುಂದೆ ಹಸಿರು ಗದ್ದೆ.

• ಆ ಹಸಿರಿನ ಪಕ್ಕದಲ್ಲಿ ಮಣ್ಣಿನ ಒಂದು ಏರಿ ಕಟ್ಟಿ, ತರೀಕೆರೆ ಏರಿಯೆಂದು ಹೆಸರಿಡಿ. ಏರಿಯ ಮೇಲಿನ ಮೂರು ಕರಿ ಕುರಿಮರಿಗಳ ನಾಲಿಗೆ ತೊಡರುವ ಮಾತು ಕನ್ನಡದ ಮಕ್ಕಳಿಗೆಲ್ಲ ಗೊತ್ತು, ಆ ಏರಿ ಇರುವ ತಾಲ್ಲೂಕಿನ ಮಕ್ಕಳಿಗೆ ಗೊತ್ತಿರದಿದ್ದರೆ ಹೇಗೆ! ಮಣ್ಣಿನಲ್ಲಿ ಮೂರು ಕುರಿಮರಿ ಮಾಡಿಸಿ, ಇದ್ದಿಲಿನಿಂದ ಕಪ್ಪು ಬಳಿಸಿ, ಏರಿಯ ಮೇಲೆ ನಿಲ್ಲಿಸಿ, ಬೊಂಬೆ ನೋಡಲು ಬಂದವರ ಮುಂದೆ ಆ ಮಾತನ್ನು ಹೇಳಿಸಿ. ನಾಲ್ಕೈದು ವರ್ಷದವರ ನಾಲಿಗೆ ತಿದ್ದಲು ಇದಕ್ಕಿಂತ ಒಳ್ಳೆಯ ಆಟವಿಲ್ಲ.

• ಐದಾರು ವರ್ಷದವರಿಗೆ ಹೂ ಕಟ್ಟಲು ಈಗಲೇ ಕಲಿಸಿ, ಗಂಡು ಮಕ್ಕಳಿಗೂ. ನೆನೆಸಿದ ಬಾಳೆ ನಾರು, ಉದ್ದ ತೊಟ್ಟಿನ ಹೂವು ಸುಲಭ. ಎರಡು ಬೆರಳಗಲ ಕಟ್ಟಿದರೂ ಅದನ್ನು ದೇವಿಗೆ ಮುಡಿಸಿ.

ದೀಪಾವಳಿಗೆ

• ನೀರು ತುಂಬುವ ಹಬ್ಬದ ಸಂಜೆ ಬೆಳಗಿದ ಹಂಡೆ, ಬಿಂದಿಗೆಗೆ ಚುಕ್ಕೆಯಿಡುವ ಕೆಲಸ ಮಕ್ಕಳಿಗಿರಲಿ. ಸುಣ್ಣದ ಬದಲು ಅಕ್ಕಿಹಿಟ್ಟು ಕಲಸಿಕೊಡಿ. ಒಲೆ ಹೊತ್ತಿಸುವ ಮೊದಲೇ ಮುಗಿಸಿ, ಬೆಂಕಿ ಹಾಕಿದ ಮೇಲೆ ಬಚ್ಚಲಿನ ಬಾಗಿಲು ಮುಚ್ಚಿ.

• ಹಣತೆಗೆ ಕೆಮ್ಮಣ್ಣು ಬಳಿದು ಒಣಗಿಸಿ, ಮೇಲೆ ಅಕ್ಕಿಹಿಟ್ಟಿನ ಗೆರೆ, ಚುಕ್ಕೆ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಬೆಟ್ಟದಿಂದಲೇ ಒಂದು ಕಾಲಕ್ಕೆ ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿತ್ತು. ಮಣ್ಣಿನ ಕೆಂಪಿಗೆ ಕಾರಣ ಅದರೊಳಗಿನ ಕಬ್ಬಿಣವೆಂದು ಐದಾರು ವರ್ಷದವರಿಗೆ ಹೇಳಿ, ಅವರಿಗೆ ಅರ್ಥವಾಗುತ್ತದೆ.

• ಆಕಾಶಬುಟ್ಟಿಗೆ ತೆಂಗಿನ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು ಸಾಕು. ಕಡ್ಡಿ ಕಟ್ಟುವುದು ನೀವು, ಕಾಗದ ಅಂಟಿಸುವುದು ಅವರು. ಒಳಗೆ ಮೇಣದ ಬತ್ತಿ ಬೇಡ, ಚಿಕ್ಕ ಎಲ್‌ಇಡಿ ದೀಪ ಹಾಕಿ.

• ಸುರುಸುರುಬತ್ತಿ ಮಕ್ಕಳ ಪಟಾಕಿಯೆಂದು ತಿಳಿಯಬೇಡಿ. ಅದರ ಕಿಡಿಯ ಶಾಖ ಬಟ್ಟೆ ಹೊತ್ತಿಸುತ್ತದೆ, ಆರಿದ ಕಡ್ಡಿಯೂ ಅಂಗಾಲು ಸುಡುತ್ತದೆ. ಆರು ವರ್ಷದೊಳಗಿನವರಿಗೆ ಹಣತೆ ಸಾಲಿಡುವ ಸಂತೋಷವೇ ಸಾಕು. ಮೈಮೇಲೆ ಹತ್ತಿ ಬಟ್ಟೆ, ಪಕ್ಕದಲ್ಲಿ ನೀರಿನ ಬಕೆಟ್ಟು ಇರಲೇಬೇಕು.

ಸಂಕ್ರಾಂತಿಗೆ

• ಮಣ್ಣಿನಲ್ಲಿ ಎತ್ತು ಮಾಡಿಸಿ. ಉತ್ತರ ಕರ್ನಾಟಕದವರು ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು ಪೂಜಿಸುತ್ತಾರೆ, ನಾವು ದನಗಳ ಹಬ್ಬವಾದ ಸಂಕ್ರಾಂತಿಗೆ ಮಾಡಿಕೊಳ್ಳೋಣ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಅಮೃತ ಮಹಲ್ ಎಂದು ಹೆಸರು ಬಂದದ್ದು ಟಿಪ್ಪುವಿನಿಂದ. ಆ ತಳಿಯ ಕೊಂಬು ಉದ್ದ, ಮೊನಚು. ಮಣ್ಣಿನಲ್ಲಿ ಅಷ್ಟುದ್ದ ಎಳೆದರೆ ಮುರಿಯುತ್ತದೆ. ಒಳಗೆ ಪೊರಕೆ ಕಡ್ಡಿಯ ತುಂಡು ಇಟ್ಟು ಮೇಲೆ ಮಣ್ಣು ಮೆತ್ತಿಸಿ.

• ಉಣ್ಣೆ ದಾರವನ್ನು ನಾಲ್ಕು ಬೆರಳಿಗೆ ಸುತ್ತಿ, ನಡುವೆ ಕಟ್ಟಿ, ತುದಿ ಕತ್ತರಿಸಿದರೆ ಗೊಂಡೆ. ಸುತ್ತುವುದು ಮಗು, ಕತ್ತರಿಸುವುದು ನೀವು. ಮಣ್ಣೆತ್ತಿಗೂ ಕಟ್ಟಬಹುದು, ಕೊಟ್ಟಿಗೆಯ ಕರುವಿಗೂ ಕಟ್ಟಬಹುದು. ಕಿಚ್ಚು ಹಾಯಿಸುವಾಗ ಮಕ್ಕಳು ಜಗಲಿಯಿಂದ ಕೆಳಗಿಳಿಯಬಾರದು.

• ಎಳ್ಳು-ಬೆಲ್ಲದ ಪೊಟ್ಟಣ ತುಂಬುವುದು ಮಕ್ಕಳದ್ದಾಗಲಿ. ಸಕ್ಕರೆ ಅಚ್ಚಿನ ಕುದಿಯುವ ಪಾಕದ ಹತ್ತಿರ ಅವರು ಸುಳಿಯಬಾರದು, ಆರಿದ ಮೇಲೆ ಅಚ್ಚಿನಿಂದ ಬಿಡಿಸಲು ಕರೆಯಿರಿ. ಕಡಲೆಕಾಯಿ ಬೀಜ, ಕೊಬ್ಬರಿ ಚೂರು ನಾಲ್ಕು ವರ್ಷದೊಳಗಿನವರ ಗಂಟಲಿಗೆ ಸಿಕ್ಕಬಹುದು, ಪುಡಿ ಮಾಡಿ ಕೊಡಿ.

• ಎಳೆ ಮಕ್ಕಳನ್ನು ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಎರೆಯುವ ಮನೆಗಳಲ್ಲಿ ಕೂಸಿಗೆ ಹೂವಿನ ಎಸಳು ಎರೆಯಿರಿ. ಎಸಳು ಬಿಡಿಸಿಕೊಡುವವರು ಅಕ್ಕ, ಅಣ್ಣ. ಹಣ್ಣು, ಕಾಸು ಆರತಿ ತಟ್ಟೆಯಲ್ಲಿರಲಿ, ಶಾಸ್ತ್ರವೂ ಆಯಿತು.

ಜಾತ್ರೆ, ತೇರು, ಕಾಮನ ಹಬ್ಬಕ್ಕೆ

• ಅಡಿಕೆ ಹಾಳೆಯ ತೇರು ತರೀಕೆರೆ ಕಡೆಯ ಮಕ್ಕಳ ಹಕ್ಕು. ಬೇಸಿಗೆ ಹತ್ತಿರವಾದಂತೆ ತೋಟದಲ್ಲಿ ಹಾಳೆ ಬೀಳುತ್ತದೆ, ಊರ ತೇರುಗಳೂ ಆಗಲೇ ಶುರು. ಹಾಳೆಯನ್ನು ಕಾಲು ಗಂಟೆ ನೀರಿನಲ್ಲಿ ನೆನೆಸಿದರೆ ಬಾಗುತ್ತದೆ. ಬೇಕಾದ ಆಕಾರಕ್ಕೆ ಮಡಚಿ, ಭಾರವಿಟ್ಟು ಒಣಗಿಸಿ. ಹಳೆಯ ಬಾಟಲಿ ಮುಚ್ಚಳ ಚಕ್ರ, ಬಾಳೆ ನಾರು ಹಗ್ಗ, ಚೆಂಡು ಹೂವಿನ ಮಾಲೆ. ಒಳಗೆ ಮಗು ಮಾಡಿದ ದೇವರನ್ನೇ ಕೂರಿಸಿ, ಅಂಗಳದಲ್ಲಿ ಎಳೆಯಲಿ.

• ಜೋಳದ ದಂಟಿನ ಬೆಂಡಿನಲ್ಲಿ ಗಾಡಿ ಮಾಡುವುದು ಚಂದ. ದಂಟಿನ ಸಿಪ್ಪೆ ಬ್ಲೇಡಿನಷ್ಟು ಹರಿತ, ಸುಲಿಯುವುದು ದೊಡ್ಡವರೇ. ಬೆಂಡನ್ನು ಮಾತ್ರ ಮಕ್ಕಳಿಗೆ ಕೊಡಿ, ಪೋಣಿಸಲು ಮುಳ್ಳಿನ ಬದಲು ಮೊಂಡು ಕಡ್ಡಿ.

• ಕಾಮನ ಹಬ್ಬದ ಓಕುಳಿಗೆ ಮುತ್ತುಗದ ಹೂ ಆರಿಸಿ ತನ್ನಿ. ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಕೇಸರಿ ನೀರು. ಪೇಟೆಯ ಥಳಥಳಿಸುವ ಪುಡಿ ಎಳೆ ಚರ್ಮಕ್ಕೆ ಬೇಡ.

ಪೂಜೆಯ ಗಿಡವಾದರೂ ಮಕ್ಕಳಿಗೆ ಬೇಡ

• ಎಕ್ಕ: ಗಣಪನಿಗೆ, ಆಂಜನೇಯನಿಗೆ ಹಾರ, ರಥಸಪ್ತಮಿಗೆ ಎಲೆ. ಮುರಿದಾಗ ಬರುವ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ಹಾನಿ. ಹಾರ ಕಟ್ಟುವುದು ದೊಡ್ಡವರೇ, ಕಟ್ಟಿದ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಿ.

• ಕಣಗಿಲೆ: ಬಿಳಿ, ಕೆಂಪು, ಹಳದಿ ಯಾವುದಾದರೂ ಹೂ, ಎಲೆ, ಕಾಯಿ ಎಲ್ಲವೂ ಹೃದಯಕ್ಕೆ ವಿಷ.

• ಉಮ್ಮತ್ತಿ, ಹರಳು ಬೀಜ, ಗುಲಗಂಜಿ: ಶಿವನಿಗೆ ಪ್ರಿಯವೆಂದೋ ಆಡಲು ಚಂದವೆಂದೋ ಅಂಗಳಕ್ಕೆ ತರಬೇಡಿ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ, ಉಳಿದ ಬೀಜವನ್ನು ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಮಗು ಮಾಡಿದ ಮೇಲೆ

• ತಿದ್ದಬೇಡಿ. ಸೊಂಡಿಲು ಎಡಕ್ಕೋ ಬಲಕ್ಕೋ, ಕಿವಿ ಒಂದು ದೊಡ್ಡದೋ ಚಿಕ್ಕದೋ, ಹಾಗೇ ಇರಲಿ. ಮಗು ಮಲಗಿದ ಮೇಲೆ ನೀವು ಸರಿ ಮಾಡಿಟ್ಟರೆ ಬೆಳಿಗ್ಗೆ ಅದಕ್ಕೆ ತಿಳಿಯುತ್ತದೆ, ಮುಂದಿನ ಸಲ ನೀವೇ ಮಾಡಿ ಎನ್ನುತ್ತದೆ.

• ಅಕ್ಕಪಕ್ಕದ ಮಗುವಿನ ಜೊತೆ ಹೋಲಿಸಬೇಡಿ. ಚೆನ್ನಾಗಿದೆ ಎಂದು ಬಾಯಿಮಾತಿಗೆ ಹೇಳುವ ಬದಲು ಏನು ಕಂಡಿತೋ ಅದನ್ನು ಹೇಳಿ: ಹೊಟ್ಟೆ ಎಷ್ಟು ದುಂಡಗೆ ಬಂತಲ್ಲ ಕಂದಾ, ಈ ಚುಕ್ಕೆಯೆಲ್ಲ ನೀನೇ ಇಟ್ಟೆಯಾ?

• ಫೋಟೋ ಆಮೇಲೆ. ಮಗು ಕೆಲಸದಲ್ಲಿ ಮುಳುಗಿರುವಾಗ ಇತ್ತ ನೋಡು, ನಗು ಎಂದು ಕರೆದರೆ ಅದರ ಧ್ಯಾನ ಕೆಡುತ್ತದೆ.

• ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದು ಕಡೂರಿನಲ್ಲೋ ಬೀರೂರಿನಲ್ಲೋ ರೈಲು ಇಳಿಯುವ ಮೊಮ್ಮಕ್ಕಳಿಗೆ ವಾಪಸು ಹೋಗುವಾಗ ತಿಂಡಿಯ ಜೊತೆ ಒಂದು ಚೀಲ ಕೆರೆ ಗೋಡು, ಎರಡು ಹಾಳೆ, ಒಂದು ಹಿಡಿ ರಾಗಿ ಕಟ್ಟಿಕೊಡಿ. ಅಲ್ಲಿನ ಮನೆಗಳಲ್ಲಿ ಇವು ಸುಲಭಕ್ಕೆ ಸಿಗುವುದಿಲ್ಲ.

• ಅಂಗನವಾಡಿಯ ಟೀಚರಮ್ಮನಿಗೂ ಕೈ ಜೋಡಿಸಿ. ಊರಿನಲ್ಲಿ ಹಾಳೆ, ಗರಿ, ಮಣ್ಣು ಇರುವವರು ಒಂದು ಬುಟ್ಟಿ ತಲುಪಿಸಿದರೆ ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳಿಗೂ ಹಬ್ಬ ಕೈಗೆ ಸಿಗುತ್ತದೆ. ಅಲ್ಲಿ ಎಲ್ಲ ಮನೆಯ, ಎಲ್ಲ ಮತದ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಮಣ್ಣಿನ ಆಟ ಎಲ್ಲರದ್ದೂ ಆಗಲಿ.

ಹಬ್ಬ ಮಕ್ಕಳಿಗೆ ದಾಟುವುದು ಅವರ ಕೈಯ ಮೂಲಕ. ಹೂಬತ್ತಿ ಹೊಸೆದ ಮಗುವಿಗೆ ಗೌರಿ ಗೊತ್ತು, ಮಣ್ಣು ನಾದಿದ ಮಗುವಿಗೆ ಗಣಪ ಗೊತ್ತು, ರಾಗಿಗೆ ನೀರು ಚಿಮುಕಿಸಿದ ಮಗುವಿಗೆ ಅನ್ನ ಎಲ್ಲಿಂದ ಬರುತ್ತದೆಂದು ಗೊತ್ತು. ಇದಕ್ಕೆ ದುಡ್ಡು ಬೇಡ, ಜಾಣತನವೂ ಬೇಡ, ಹತ್ತು ನಿಮಿಷದ ತಾಳ್ಮೆ ಬೇಕು. ಮುಂದೆ ಬರುವ ಹಬ್ಬ ಯಾವುದೇ ಇರಲಿ, ನಿಮ್ಮ ಮನೆಯ ದೇವರ ಮುಂದೆ ಮಗುವಿನ ಕೈ ಮಾಡಿದ್ದು ಒಂದಾದರೂ ಇರುವಂತೆ ನೋಡಿಕೊಳ್ಳಿ.